ಚುಕ್ಕಿಯ ಎಡಗೈ

ನನ್ನ ನಾದಿನಿ ಒಂದು ಕಡೆ ಕೂತವಳಲ್ಲ. ಕೂತರೂ ಅವಳ ಕೈ ಕೂರುವುದಿಲ್ಲ. ಮೇಜಿನ ಅಂಚು, ಲೋಟದ ಬಾಯಿ, ನನ್ನ ತೋಳಿನ ಹೊಲಿಗೆ, ಏನು ಸಿಕ್ಕರೆ ಅದನ್ನು ಸವರುತ್ತಿರಬೇಕು. ಅವಳಿಗೆ ಹುಟ್ಟಿನಿಂದಲೇ ಕಣ್ಣಿಲ್ಲ. ನಾನು ಮದುವೆಯಾಗಿ ಆ ಮನೆಗೆ ಕಾಲಿಟ್ಟಾಗ ಅವಳು ಆರು ವರ್ಷದವಳು. ಬಂದವಳೇ ನನ್ನ ಮುಖವನ್ನೆಲ್ಲ ಸವರಿ, "ಅಣ್ಣಾ, ಅತ್ತಿಗೆಗೆ ಮೂಗು ಸ್ವಲ್ಪ ಜಾಸ್ತಿನೇ ಕೊಟ್ಟಿದಾರೆ" ಎಂದು ಎಲ್ಲರ ಮುಂದೆ ಹೇಳಿಬಿಟ್ಟಳು. ನಮ್ಮವರು ನಕ್ಕರು. ನಾನು ನಗಲಿಲ್ಲ.

ಚುಕ್ಕಿ ಎಂದು ಕರೆಯಲು ಶುರು ಮಾಡಿದವರೂ ನಮ್ಮವರೇ. ಕಣ್ಣಿಲ್ಲದ ಮಕ್ಕಳ ಶಾಲೆಗೆ ಸೇರಿದ ಮೇಲೆ ದಪ್ಪ ಹಾಳೆಯ ಉಬ್ಬು ಚುಕ್ಕಿಗಳನ್ನು ಸವರುತ್ತ ಊಟವನ್ನೂ ಮರೆಯುತ್ತಿದ್ದಳು. ಮುಂದೆ ಆ ಚುಕ್ಕಿಗಳೇ ಅವಳಿಗೆ ಅನ್ನ ಹಾಕಿದವು. ಬ್ರೈಲ್ ಪುಸ್ತಕಗಳನ್ನು ಅಚ್ಚು ಹಾಕುವ ಪ್ರೆಸ್ಸಿನಲ್ಲಿ ಕರಡು ತಿದ್ದುವ ಕೆಲಸ ಸಿಕ್ಕಿತು. ಇವಳು ಬೆರಳಾಡಿಸುತ್ತ ಗಟ್ಟಿಯಾಗಿ ಓದಬೇಕು, ಎದುರಿಗೆ ಕೂತ ಜೊತೆಗಾತಿ ಮಾಮೂಲಿ ಪುಸ್ತಕ ನೋಡುತ್ತ ತಾಳೆ ಹಾಕಬೇಕು. ಓದುವುದು ಎಡಗೈಯ ತೋರುಬೆರಳು. ಬಲಗೈ ಹಾಳೆಯನ್ನು ಒತ್ತಿಕೊಂಡು ತೆಪ್ಪಗೆ ಬಿದ್ದಿರುತ್ತದೆ. ಅವಳ ಮೈಯಲ್ಲಿ ತೆಪ್ಪಗಿರುವುದು ಅದೊಂದೇ, ಅದೂ ಓದುವಾಗ ಮಾತ್ರ.

ನಾನು ಮೂರನೇ ಕ್ಲಾಸಿಗೆ ಶಾಲೆ ಬಿಟ್ಟವಳು. ಅಕ್ಷರ ಗೊತ್ತು, ಆದರೆ ಓದಲು ಕೂತರೆ ಸಾಲು ತಪ್ಪುತ್ತದೆ. ಸಂಜೆ ನಾನು ತರಕಾರಿ ಹೆಚ್ಚುವಾಗ ಅವಳು ಪಕ್ಕದಲ್ಲಿ ಕೂತು ಓದುತ್ತಿದ್ದಳು. ನನಗೆ ಗೊತ್ತಿರುವ ಕಥೆಗಳೆಲ್ಲ ಅವಳ ಎಡಗೈಯಿಂದ ಬಂದವೇ. ನಮ್ಮವರು ತೀರಿಕೊಂಡ ವರ್ಷ ಆ ಓದು ಇಲ್ಲದಿದ್ದರೆ ನನಗೆ ಹುಚ್ಚು ಹಿಡಿಯುತ್ತಿತ್ತು.

ನಡುವಯಸ್ಸಿನಲ್ಲಿ ಅವಳಿಗೆ ಸಕ್ಕರೆ ಕಾಯಿಲೆ ಬಂತು. ಮೊದಲು ಮಾತ್ರೆ, ಆಮೇಲೆ ಇನ್ಸುಲಿನ್. ಹೊಟ್ಟೆಗೆ ಚುಚ್ಚಿಕೊಳ್ಳುವ ಇಂಜೆಕ್ಷನ್‌ಗೆ ಅವಳು ಅಂಜಲಿಲ್ಲ. ಬೆರಳಿಗೆ ಚುಚ್ಚಿ ರಕ್ತ ನೋಡುವುದೇ ಕಷ್ಟವಾಯಿತು. ಚುಚ್ಚುವವಳು ನಾನು. ಬಲಗೈಗೆ ಮಾತ್ರ ಎಂದು ನಮ್ಮಿಬ್ಬರ ಒಪ್ಪಂದ. ವರ್ಷಗಟ್ಟಲೆ ಚುಚ್ಚಿಸಿಕೊಂಡು ಆ ಬೆರಳುಗಳ ತುದಿ ಹಿಮ್ಮಡಿಯ ಹಾಗೆ ಗಡುಸಾಗಿ, ಒಂದು ಹನಿ ರಕ್ತಕ್ಕೂ ಹಿಂಡಬೇಕಾಗಿ ಬಂತು. ನರ್ಸ್ ಹೇಳಿದಂತೆ ಅಂಗೈಗೂ ಚುಚ್ಚಿ ನೋಡಿದೆವು, ಸರಿಹೋಗಲಿಲ್ಲ.

ಈಚೆಗೆ ಅವಳ ಸಕ್ಕರೆ ಹೇಳದೆ ಕೇಳದೆ ಇಳಿಯತೊಡಗಿತು. ಒಮ್ಮೆ ಪ್ರೆಸ್ಸಿನ ಮೆಟ್ಟಿಲ ಮೇಲೆ ಕುಸಿದಳು. ಇನ್ನು ಮೇಲೆ ದಿನಕ್ಕೆ ಹಲವು ಸಲ ನೋಡಬೇಕು, ಎಡಗೈಯನ್ನೂ ಬಳಸಿ ಎಂದರು ಡಾಕ್ಟರು.

"ಎಡಗೈ ಕೊಡಲ್ಲ ಡಾಕ್ಟ್ರೇ. ಅದು ಒಂದು ಕಡೆ ನಿಲ್ಲಲ್ಲ, ಅತ್ತಿಗೆ ಕೈ ಬೇರೆ ನಡುಗುತ್ತೆ. ಪಕ್ಕದ ಬೆರಳಿಗೆ ಅಂತ ಹೋದದ್ದು ಓದೋ ಬೆರಳಿಗೆ ತಾಗಿದ್ರೆ?"

"ಜೀವ ಮುಖ್ಯಾನಾ, ಬೆರಳು ಮುಖ್ಯಾನಾ?"

"ಬೆರಳು ಹೋದ್ಮೇಲೆ ಜೀವ ಇಟ್ಕೊಂಡು ಏನ್ ಮಾಡ್ಲಿ? ಇಡೀ ದಿನ ಅತ್ತಿಗೆ ಮೂಗು ಸವರ್ತಾ ಕೂತ್ಕೊಳ್ಲಾ?"

ಡಾಕ್ಟರು ನಕ್ಕರೂ ಅವರ ಮುಖ ಗಂಭೀರವಾಗಿಯೇ ಇತ್ತು. ಆಗಲೇ ಅವರು ಆಸ್ಪತ್ರೆಯ ಮೇಲಿನ ಮಹಡಿಯ ವಿಷಯ ಹೇಳಿದ್ದು. ಸೂಜಿಯಿಲ್ಲದೆ, ಬರೀ ಬೆಳಕು ಹಾಯಿಸಿ ಸಕ್ಕರೆ ಅಳೆಯುವ ಯಂತ್ರವೊಂದನ್ನು ಅಲ್ಲಿ ಪರೀಕ್ಷೆ ಮಾಡುತ್ತಿದ್ದರಂತೆ. ಕಾಯಿಲೆಯವರು ಕೆಲವರು ಬೇಕಾಗಿದ್ದರಂತೆ.

ಅಲ್ಲಿ ಹೆಸರು ಕೊಟ್ಟು ಬಂದ ದಿನದಿಂದ ಚುಕ್ಕಿ ಮನೆಯ ಒಳಗೂ ಹೊರಗೂ ನಡೆದದ್ದೇ ನಡೆದದ್ದು. ಅನ್ನ ಕಲಸಿದವಳು ಎದ್ದು ಹೋಗುತ್ತಾಳೆ, ಬಂದು ಮತ್ತೆ ಕಲಸುತ್ತಾಳೆ. "ಕೂತ್ಕೊಳ್ಳೇ, ನೆಲ ಸವೆಯುತ್ತೆ" ಎಂದರೆ, "ಸವೀಲಿ ಬಿಡಿ, ಬಾಡಿಗೆ ಮನೆ" ಎನ್ನುತ್ತಾಳೆ.

ಬರಹೇಳಿದ ದಿನ ಹೋದೆವು. ಮೇಲಿನ ಮಹಡಿಯ ಕೋಣೆಯಲ್ಲಿ ಒಂದು ಮೇಜು, ಮೂರು ಕುರ್ಚಿ, ಸೋಪಿನ ಪೆಟ್ಟಿಗೆಯಷ್ಟು ದೊಡ್ಡ ಯಂತ್ರ. ಅದರ ಬಾಯಿಗೆ ಬೆರಳು ಇಡಬೇಕು. ಅದನ್ನು ನೋಡಿಕೊಳ್ಳುವ ಎಂಜಿನಿಯರು ಮಾತು ಮಾತಿಗೂ ಕನ್ನಡಕ ಒರೆಸಿಕೊಳ್ಳುತ್ತಿದ್ದರು. ಯಂತ್ರ ಹೇಳಿದ್ದು ಸರಿಯೋ ತಪ್ಪೋ ತಿಳಿಯಲು ಪ್ರತಿ ಸಲವೂ ರಕ್ತ ತೆಗೆದು ತಾಳೆ ನೋಡಬೇಕು ಎಂದರು.

"ಸೂಜಿ ತಪ್ಪಿಸ್ಕೊಳ್ಳೋಕೆ ಬಂದೋಳಿಗೆ ಇನ್ನಷ್ಟು ಸೂಜಿ. ಚೆನ್ನಾಗಿದೆ ನಿಮ್ಮ ಉಪಕಾರ" ಎಂದು ಚುಕ್ಕಿ ಬಲಗೈ ಚಾಚಿದಳು.

ಯಂತ್ರಕ್ಕೂ ಬಲಗೈ ಬೆರಳನ್ನೇ ಕೊಟ್ಟಳು. ಅಲ್ಲಾಡಿದರೆ ಅದು ಕೀಂ ಎನ್ನುತ್ತಿತ್ತು. ಅವಳು ಚೀಲದಿಂದ ಪುಸ್ತಕ ತೆಗೆದು ಎಡಗೈಯಲ್ಲಿ ಓದತೊಡಗಿದಳು, ಬಲಗೈ ನಿಂತಿತು. ಆದರೆ ಯಂತ್ರ ಹೇಳಿದ ಲೆಕ್ಕವೇ ಬೇರೆ, ರಕ್ತ ಹೇಳಿದ ಲೆಕ್ಕವೇ ಬೇರೆ. ಮಾರನೆಯ ದಿನವೂ ಹಾಗೇ.

"ಚರ್ಮ ಗಟ್ಟಿಯಾಗಿದೆ, ಬೆಳಕು ಸರಿಯಾಗಿ ಹೋಗ್ತಿಲ್ಲ ಅನ್ಸುತ್ತೆ" ಎಂದರು ಎಂಜಿನಿಯರು. "ಎಡಗೈ ತೋರುಬೆರಳು ಇಡ್ತೀರಾ? ಅದಕ್ಕೆ ಚುಚ್ಚಲ್ಲ. ರಕ್ತ ಬಲಗೈಯಿಂದಲೇ ತಗೊಳ್ತೀವಿ."

ಚುಕ್ಕಿ ಎರಡೆರಡು ಸಲ ಕೇಳಿ ಖಾತ್ರಿ ಮಾಡಿಕೊಂಡು ಓದುವ ಬೆರಳನ್ನು ಇಟ್ಟಳು. ಈಗ ಓದುವುದು ಹೇಗೆ? ಬಲಗೈ ಮೇಜಿನ ಅಂಚು ಹುಡುಕಿತು, ಕಾಲು ಕುಣಿಯಿತು, ಎಡಗೈ ಒಳಗೊಳಗೇ ಮಿಡುಕಿತು. ಕೀಂ. ಮತ್ತೆ ಕೀಂ.

"ಕೈ ಅಲ್ಲಾಡಿಸ್ಬೇಡಿ ಅಮ್ಮ."

"ನಾನೆಲ್ಲಿ ಅಲ್ಲಾಡಿಸ್ತಿದೀನಿ. ಅದೇ ಅಲ್ಲಾಡ್ತಿದೆ."

ನಾನು ಅವಳ ಮಣಿಕಟ್ಟು ಹಿಡಿದೆ. ನನ್ನ ನಡುಕವೂ ಸೇರಿ ಇನ್ನೂ ಹಾಳಾಯಿತು. ನಾಳೆಯೂ ಹೀಗೇ ಆದರೆ ಇವರನ್ನು ಪರೀಕ್ಷೆಯಿಂದ ಬಿಡಬೇಕಾಗುತ್ತದೆ ಎಂದು ಎಂಜಿನಿಯರು ಮೆಲ್ಲಗೆ ಹೇಳಿದರು. ಆ ರಾತ್ರಿ ಅವಳೂ ಮಲಗಲಿಲ್ಲ, ನನ್ನನ್ನೂ ಮಲಗಗೊಡಲಿಲ್ಲ.

ಮರುದಿನವೂ ಅದೇ ಕೀಂ. ನನಗೆ ಏನು ಮಾಡಲೂ ತೋಚದೆ, ಊಟದ ಡಬ್ಬಿಗೆ ಸುತ್ತಿದ್ದ ಹಳೆಯ ಪೇಪರು ಬಿಚ್ಚಿ ಗಟ್ಟಿಯಾಗಿ ಓದಿದೆ. "ನೀರಿನ ಟ್ಯಾಂಕ್ ತೊಳೆದು ಕೊಡಲಾಗುವುದು, ಎರಡು ಕೋಣೆ, ಒಂದು ಅಡುಗೆಮನೆ, ಸಣ್ಣ ಸಂಸಾರದವರಿಗೆ ಮಾತ್ರ."

ಚುಕ್ಕಿಯ ಕಾಲು ನಿಂತಿತು.

"ಅತ್ತಿಗೆ, ಟ್ಯಾಂಕ್ ಒಳಗೆ ಸಂಸಾರ ಮಾಡೋರು ಯಾರು?"

"ಹಾಗೇ ಬರ್ದಿದಾರೆ ಕಣೇ."

"ಬರ್ದಿರಲ್ಲ. ನೀವು ಪಕ್ಕದ ಕಾಲಂಗೆ ಹಾರಿದೀರಿ. ಮೊದಲಿಂದ ಓದಿ."

ನಾನು ಓದಿದೆ. ಮತ್ತೆ ತಪ್ಪಿದೆ. ಅವಳು ಕತ್ತು ಓರೆ ಮಾಡಿ, ಮುಂದಿನ ತಪ್ಪು ಎಲ್ಲಿ ಬರುತ್ತದೋ ಎಂದು ಉಸಿರು ಬಿಗಿಹಿಡಿದು ಕಾಯುತ್ತಿದ್ದಳು. ಜೀವಮಾನವೆಲ್ಲ ತಪ್ಪು ಹಿಡಿದವಳು. ಎರಡೂ ಕೈ ಕಲ್ಲಿನ ಹಾಗೆ ನಿಂತಿದ್ದವು.

ಯಂತ್ರ ಬೇರೆಯೇ ದನಿಯಲ್ಲಿ ಟಿಣ್ ಎಂದಿತು. ರಕ್ತದ ಲೆಕ್ಕ ಬಂದಾಗ ಎಂಜಿನಿಯರು ಕನ್ನಡಕ ಒರೆಸಿ ಮತ್ತೊಮ್ಮೆ ನೋಡಿದರು. ಎರಡೂ ಹತ್ತಿರ ಹತ್ತಿರ ಇದ್ದವು. "ಇನ್ನೊಂದ್ಸಲ ಓದಿ ಅಮ್ಮ" ಎಂದರು ನನಗೆ. ಟ್ಯಾಂಕು, ಬಾಡಿಗೆ ಮನೆ, ಕಳೆದುಹೋದ ನಾಯಿ, ಎಲ್ಲ ಓದಿದೆ. ಆಗಲೂ ಲೆಕ್ಕ ಕೂಡಿತು.

"ಇದು ಮನೆಗೆ ಯಾವಾಗ ಸಿಗುತ್ತೆ?" ಚುಕ್ಕಿ ಕೇಳಿದಳು.

"ಹೇಳೋಕಾಗಲ್ಲ. ಒಬ್ರ ಬೆರಳಲ್ಲಿ ಸರಿಬಂದ್ರೆ ಸಾಲದು, ಇನ್ನೂ ಎಷ್ಟೋ ಜನರ ಮೇಲೆ ನೋಡ್ಬೇಕು. ಅಲ್ಲೀವರೆಗೆ ರಕ್ತ ನೋಡ್ದೆ ಇನ್ಸುಲಿನ್ ತಗೋಬೇಡಿ. ಮುಂದಿನ ಪರೀಕ್ಷೆಗೆ ಫೋನ್ ಮಾಡ್ತೀವಿ."

ಮನೆಗೆ ಬಂದು, ಊಟಕ್ಕೆ ಮೊದಲು ರಕ್ತ ನೋಡುವ ಹೊತ್ತಿಗೆ ಎಡಗೈ ಮುಂದೆ ಚಾಚಿದಳು. ಕಿರುಬೆರಳು ಮಾತ್ರ ಹೊರಗಿತ್ತು, ಉಳಿದವೆಲ್ಲ ಮುಷ್ಟಿಯೊಳಗೆ.

"ಇದನ್ನ ತಗೊಳ್ಳಿ ಅತ್ತಿಗೆ. ತೋರುಬೆರಳು ಆ ಮಿಷನ್‌ಗೆ. ಅದು ಬರೋವರೆಗೆ ಇದು ದುಡೀಲಿ."

"ಅಲ್ಲಾಡಿದ್ರೆ?"

"ನಿಮ್ಮ ಟ್ಯಾಂಕ್ ಓದಿ."

ಪೇಪರು ಬೇಕಾಗಲಿಲ್ಲ, ನನಗೆ ಬಾಯಿಪಾಠವಾಗಿತ್ತು. ಬೇಕೆಂದೇ ಒಂದು ಕೋಣೆ ಕಡಿಮೆ ಮಾಡಿದೆ. "ಎರಡು ಕೋಣೆ" ಎಂದು ಅವಳು ತಿದ್ದುವಷ್ಟರಲ್ಲಿ ಚುಚ್ಚಿ ಆಗಿತ್ತು.

ಫೋನ್ ಇನ್ನೂ ಬಂದಿಲ್ಲ. ಯಾರದೇ ಫೋನ್ ಬಂದರೂ ನನಗಿಂತ ಮೊದಲು ಅವಳು ಎದ್ದಿರುತ್ತಾಳೆ. ಈಗಲೂ ಬಾಗಿಲಿಂದ ಕಿಟಕಿಗೆ, ಕಿಟಕಿಯಿಂದ ಬಾಗಿಲಿಗೆ ನಡೆಯುತ್ತಿದ್ದಾಳೆ, ಕಿರುಬೆರಳಿಗೆ ಹತ್ತಿ ಒತ್ತಿಕೊಂಡು.