ಬುಕಿಂಗ್ ಸಾಹೇಬರು ಬಿಡಿಸಿದ ನಾಲ್ಕು ರೂಮು

ಬುಕಿಂಗ್ ಸಾಹೇಬರು ಯಾರೊಂದಿಗೆ ಮಾತಾಡಿದರೂ ಸೊಂಟ ಬಗ್ಗಿಸಿ, ಎಡಗಿವಿಯನ್ನು ಮುಂದೆ ಮಾಡಿ, ಕಣ್ಣನ್ನು ಮಾತ್ರ ಮೇಲೆತ್ತಿ ನೋಡುತ್ತಿದ್ದರು. ಬೀರೂರು ಸ್ಟೇಷನ್ನಿನ ಟಿಕೆಟ್ ಕೌಂಟರಿನಲ್ಲಿ ಗಾಜಿನ ಕೆಳಗಿನ ಸಣ್ಣ ಕಂಡಿಗೆ ಕಿವಿ ಕೊಟ್ಟು ಇಡೀ ನೌಕರಿ ಮುಗಿಸಿದವರು. ರಿಟೈರಾಗಿ ಮನೆಯ ಜಗಲಿಯಲ್ಲಿ ಕೂತ ಮೇಲೂ ಎದುರಿಗೆ ಗಾಜಿದೆ ಎಂಬಂತೆಯೇ ಬಗ್ಗುತ್ತಿದ್ದರು. ಸೊಪ್ಪಿನವಳು ಬಂದರೂ ಅಷ್ಟೇ, ಮೊಮ್ಮಗಳು ಬಂದರೂ ಅಷ್ಟೇ. "ಇವ್ರು ಕತ್ತನ್ನ ಕೌಂಟರಲ್ಲೇ ಬಿಟ್ಟು ಬಂದವ್ರೆ ಕಣಮ್ಮ" ಎಂದು ಅವರ ಹೆಂಡತಿ ನಗುತ್ತಿದ್ದರು.

ನನ್ನ ತವರು ಅಜ್ಜಂಪುರ. ಕಾಲೇಜಿಗೆಂದು ದಿನಾ ರೈಲಿನಲ್ಲಿ ಬೀರೂರಿಗೆ ಬರುತ್ತಿದ್ದೆ, ತಿಂಗಳ ಪಾಸು ಕೊಡುತ್ತಿದ್ದವರು ಇವರೇ. ದುಡ್ಡು ಮುಟ್ಟುವ ಮೊದಲು, "ಪರೀಕ್ಷೆ ಏನಾಯ್ತು ಬೇಟಿ?" ಎಂದು ಕೇಳಲೇಬೇಕು. ಹಿಂದಿನ ಸಾಲು ಗೊಣಗಿದರೆ, "ನಿಮ್ಮ ಗಾಡಿ ಇನ್ನೂ ತರೀಕೆರೆ ಬಿಟ್ಟಿಲ್ಲ, ಸುಮ್ನೆ ನಿಂತ್ಕೊಳ್ರೀ" ಎನ್ನುತ್ತಿದ್ದರು. ಹಾಗಂತ ಸಲಿಗೆಯ ಮನುಷ್ಯರೇನಲ್ಲ. ಸಾಲು ಮುರಿದು ಬಂದವರು ಯಾರೇ ಆಗಲಿ, ಬಾಗಿಲು ತೋರಿಸುತ್ತಿದ್ದರು. ಒಂದು ದಿನ ಅವರ ಸ್ವಂತ ಭಾವಮೈದನನ್ನೇ ಸಾಲಿನ ಕೊನೆಗೆ ಅಟ್ಟಿದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ.

ಯಗಟಿಯ ಆಚೆಗಿನ ಹಳ್ಳಿಗೆ ಸೊಸೆಯಾಗಿ ಹೋದ ಮೇಲೂ ಬೀರೂರಿಗೆ ಬಂದಾಗಲೆಲ್ಲ ಅವರ ಜಗಲಿಗೆ ಹೋಗಿ ಒಂದು ಲೋಟ ಚಹಾ ಕುಡಿದೇ ಬಸ್ಸು ಹತ್ತುತ್ತಿದ್ದೆ. ಆದರೆ ಅವರು ಎಂಥ ಮನುಷ್ಯರೆಂದು ನನಗೆ ನಿಜವಾಗಿ ಗೊತ್ತಾದದ್ದು ಹೋದ ಬೇಸಿಗೆಯಲ್ಲಿ, ನಾನು ಮಾಡಿಕೊಂಡ ಒಂದು ಘನಂದಾರಿ ಕೆಲಸದಿಂದ.

ನಮ್ಮೂರ ಮಹಿಳಾ ಸಂಘದಲ್ಲಿ ನಾವು ಹನ್ನೊಂದು ಜನ. ಯಾರೂ ಸಮುದ್ರ ಕಂಡವರಲ್ಲ. ಒಂದು ರಾತ್ರಿ ಸಮುದ್ರದ ಪಕ್ಕ ಮಲಗಿ ಅದರ ಸದ್ದು ಕೇಳಬೇಕೆಂದು ಎರಡು ವರ್ಷದಿಂದ ಆಸೆ. ಕಾಲೇಜು ಮೆಟ್ಟಿಲು ಹತ್ತಿದವಳು ನಾನೊಬ್ಬಳೇ ಆದ್ದರಿಂದ ಫೋನಿನಲ್ಲಿ ಹೋಟೆಲು ಹಿಡಿಯುವ ಕೆಲಸ ನನ್ನ ತಲೆಗೆ ಬಂತು. ಕರಾವಳಿಯ ಒಂದು ಊರಿನಲ್ಲಿ ನಾಲ್ಕು ರೂಮು. ಎರಡು ದರ ತೋರಿಸಿತು. ಕಡಿಮೆಯದರ ಕೆಳಗೆ ಸಣ್ಣಕ್ಷರದಲ್ಲಿ, ರದ್ದು ಮಾಡಿದರೆ ಹಣ ವಾಪಸಿಲ್ಲ ಎಂದಿತ್ತು. ರದ್ದು ಯಾಕಾದರೂ ಮಾಡುತ್ತೇವೆ ಎಂದು, ಎಲ್ಲರೂ ಸೇರಿ ಕೂಡಿಟ್ಟ ದುಡ್ಡು ಕಟ್ಟಿ ಒತ್ತಿಯೇಬಿಟ್ಟೆ.

ಒತ್ತಿ ವಾರ ಕಳೆದಿತ್ತು. ಮಂಗಳವಾರ ಬೆಳಿಗ್ಗೆ ತಮಟೆ ಸದ್ದು. ಊರ ಹಿರಿಯರು ಗುಡಿಯಲ್ಲಿ ಕೂತು, ಈ ವರ್ಷ ಇಲ್ಲವೆಂದೇ ನಾವು ನಂಬಿದ್ದ ಅಮ್ಮನ ಹಬ್ಬವನ್ನು ಮಾಡಿಯೇ ತೀರುವುದೆಂದು ತಮಟೆ ಹೊಡೆಸಿ, ಊರಿಗೆಲ್ಲ ಸಾರಿ, ಸಾರು ಹಾಕಿಸಿದ್ದರು. ಸಾರು ಹಾಕಿದರೆಂದರೆ ಮುಗಿಯಿತು. ಹಬ್ಬ ಕಳೆಯುವ ತನಕ, ಹದಿನೈದು ದಿನ, ಊರಿನ ಒಂದು ಜೀವವೂ ಹೊರಗೆ ರಾತ್ರಿ ಉಳಿಯುವಂತಿಲ್ಲ. ಹಗಲು ಎಲ್ಲಿಗೆ ಹೋದರೂ ದೀಪ ಹಚ್ಚುವ ಹೊತ್ತಿಗೆ ಗಡಿಯೊಳಗೆ ಬರಬೇಕು. ಸಾವಿನ ಮನೆಗೆ ಕಾಲಿಟ್ಟವರು ಹಬ್ಬ ಮುಗಿಯುವವರೆಗೆ ಊರೊಳಗೆ ಬರುವಂತಿಲ್ಲ. ನಮ್ಮ ರೂಮುಗಳು ಅದೇ ಶನಿವಾರಕ್ಕೆ!

ಹೋಟೆಲಿಗೆ ಫೋನ್ ಮಾಡಿದೆ. "ಆ್ಯಪಲ್ಲಿ ಬುಕ್ ಮಾಡಿದೀರಿ ಮೇಡಂ, ಅವರನ್ನೇ ಕೇಳಿ" ಎಂದರು. ಆ್ಯಪಿನವರನ್ನು ಕೇಳಿದರೆ, ಹೋಟೆಲಿನವರನ್ನು ಕೇಳಿ. ಅಲ್ಲಿ ಮಾತಾಡಲು ಮನುಷ್ಯರೇ ಇಲ್ಲ. ಬರೆದು ಕೇಳಿದರೆ ಒಂದು ಯಂತ್ರ, ನಿಮ್ಮ ಪ್ರಶ್ನೆಗೆ ಉತ್ತರ ಸಿಕ್ಕಿತೇ ಎಂದು ನನ್ನನ್ನೇ ಕೇಳುತ್ತದೆ. ಸಿಕ್ಕಿಲ್ಲ ಎಂದು ಒತ್ತಿದರೆ ಮತ್ತೆ ಮೊದಲಿನಿಂದ ಶುರು. ಅದರ ಮನೆ ಹಾಳಾಗ!

ಸಂಜೆ ಸಂಘದ ಹೆಂಗಸರು ನಮ್ಮ ಮನೆ ಮುಂದೆ ಸೇರಿದರು. ಒಬ್ಬಳು, "ಹೋಟ್ಲೋನ ಜತೆ ಇವ್ಳ್ದೂ ಪಾಲಿರ್ಬೇಕು ಬಿಡ್ರೇ" ಎಂದಳು. ಅದಕ್ಕೆ ಸಿಟ್ಟು ಬಂತು, ತಡೆದುಕೊಂಡೆ. ಇನ್ನೊಬ್ಬಳು ನನ್ನ ವಾರಗೆಯವಳು, ದಿನಾ ಒಟ್ಟಿಗೆ ಹೊಲಕ್ಕೆ ಹೋಗುವವಳು. "ದುಡ್ಡು ಹೋದ್ರೆ ಹೋಗ್ಲಿ ಕಣೇ, ನೀನು ಓದ್ದೋಳು ಅಂತ ನಂಬಿದ್ವಲ್ಲ" ಎಂದಳು. ಆ ಮಾತು ಎದೆಗೆ ನಾಟಿತು. ಈ ಹಣ ಬಾರದಿದ್ದರೆ ಈ ಊರಿನಲ್ಲಿ ನನ್ನ ಮಾತಿಗೆ ಬೆಲೆಯಿಲ್ಲ, ಈ ಊರು ಬಿಟ್ಟರೆ ನನಗೆ ಬೇರೆ ಊರಿಲ್ಲ.

ಅವತ್ತು ರಾತ್ರಿಯೆಲ್ಲ ನಿದ್ದೆಯಿಲ್ಲ. ಬೆಳಿಗ್ಗೆ ಕೊಟ್ಟಿಗೆಗೆ ಹೋಗಿ, ಬಾಯಿಗೆ ಸೆರಗು ಅಡ್ಡ ಹಿಡಿದು, ಹೋಟೆಲಿಗೆ ಫೋನ್ ಹಚ್ಚಿ, "ನಮ್ಮತ್ತೆ ತೀರಿಕೊಂಡರು, ಬರಕ್ಕಾಗಲ್ಲ" ಎಂದುಬಿಟ್ಟೆ. ಅಯ್ಯೋ, ಎಂಥಾ ಪಾಪಿ ನಾಲಿಗೆ! ಆ ಹುಡುಗಿ ಮರುಗಿ, "ಛೇ, ಮರಣ ಪ್ರಮಾಣಪತ್ರ ಕಳ್ಸಿ ಮೇಡಂ, ನೋಡೋಣ" ಎಂದಳು. ಜಗಲಿಯಲ್ಲಿ ಹುಣಸೆಹಣ್ಣು ಕುಟ್ಟುತ್ತಿದ್ದ ಅತ್ತೆ, "ಯಾರ್ ಜತೆಗೇ ಪಿಸಪಿಸಾ ಅಂತೀಯಾ?" ಎಂದು ಕೂಗಿದರು. ಫೋನನ್ನು ಸೆರಗಿನಲ್ಲಿ ಮುಚ್ಚಿಕೊಂಡೆ. ಸಾರು ಹಾಕಿದ ಊರಿನಲ್ಲಿ ಇಲ್ಲದ ಸಾವನ್ನು ಬಾಯಾರೆ ಕರೆದಿದ್ದೆ.

ಮೊದಲ ಬಸ್ಸಿಗೆ ಬೀರೂರಿಗೆ ಹೋದೆ. ಸಾಹೇಬರು ಸೊರಗಿದ್ದರು, ಕೆಮ್ಮಿದಾಗ ಎದೆ ಒತ್ತಿಕೊಳ್ಳುತ್ತಿದ್ದರು. ಹೆಂಡತಿ ಮಾತ್ರೆ ಹಿಡಿದು ನಿಂತಿದ್ದರೂ ಅವರು ಬಗ್ಗಿ ನನ್ನ ಕತೆಯನ್ನೇ ಪೂರಾ ಕೇಳಿದರು. ಅತ್ತೆಯ ವಿಷಯಕ್ಕೆ ಬಂದಾಗ ಕಣ್ಣು ಕೆಂಪಗಾಯಿತು.

"ಮೊದ್ಲು ಫೋನ್ ಮಾಡಿ ಆ ಯಮ್ಮನ್ನ ಬದುಕ್ಸು. ಆಮೇಲೆ ಬಾಕಿದು."

"ಸುಳ್ಳು ಹೇಳ್ದೆ ಅಂತ ಒಪ್ಕೊಂಡ್ರೆ ಅವ್ರು ಮುಖಕ್ಕೆ ಉಗೀತಾರೆ ಸಾಹೇಬ್ರೇ."

"ಉಗೀಲಿ. ಒರ್ಸ್ಕೊಂಡು ಮಾತಾಡು. ಕೌಂಟರಿಗೆ ಬಂದು ಸುಳ್ಳು ಹೇಳೋರ್ನ ದಿನಾ ನೋಡಿದೀನಿ. ಅವ್ರಿಗೆ ಸಹಾಯ ಮಾಡ್ಬೇಕು ಅನ್ಸಿದ್ರೂ ಕೈ ಏಳ್ತಿರ್ಲಿಲ್ಲ ಬೇಟಿ."

ಫೋನ್ ಮಾಡಿದೆ. ಅದೇ ಹುಡುಗಿ. ನಾಚಿಕೆಯಿಂದ ಸಾಯುತ್ತ ನಿಜ ಹೇಳಿದೆ, ಸಾರಿನ ವಿಷಯವನ್ನೂ ಹೇಳಿದೆ. "ನಮ್ಮ ಕಡೆ ಹಾಗೆಲ್ಲ ಇಲ್ಲ ಮೇಡಂ. ಆದ್ರೆ ರೂಲ್ ಪ್ರಕಾರ ಏನೂ ಮಾಡಕ್ಕಾಗಲ್ಲ" ಎಂದಳು. ಸಾಹೇಬರು ನನ್ನ ಕೈಯಿಂದ ಫೋನ್ ತೆಗೆದುಕೊಂಡರು.

"ಊಟ ಆಯ್ತೇನಮ್ಮ? ರೂಲು ಇರ್ಲಿ, ನಾನೂ ಅದ್ರಲ್ಲೇ ಮುದುಕ ಆದೋನು. ಶನಿವಾರಕ್ಕೆ ರೂಮ್ ಕೇಳಿ ಇಲ್ಲ ಅನ್ನಿಸ್ಕೊಂಡೋರು ಎಷ್ಟು ಜನ ಇದಾರೆ?"

"ತುಂಬಾ ಜನ ಸರ್, ಶಾಲೆ ರಜೆ ಅಲ್ವಾ."

"ಅವ್ರ ನಂಬರ್ ಬರ್ಕೊಂಡಿದೀಯಾ?"

"ಬರ್ಕೊಂಡಿದೀನಿ ಸರ್."

"ನಾವು ಎದ್ದು ಜಾಗ ಬಿಡ್ತೀವಿ, ಕಾಯ್ತಿರೋರ್ನ ಕೂರ್ಸು. ಗಾಡಿ ತುಂಬಿ ಹೋಗುತ್ತೆ, ನಿಮಗೆ ನಷ್ಟ ಎಲ್ಲಿ ಬಂತು? ಇಷ್ಟನ್ನೇ ನಿಮ್ಮ ಮ್ಯಾನೇಜರ್‌ಗೆ ಹೇಳು. ನಾನು ಫೋನ್ ಇಡಲ್ಲ, ಇಲ್ಲೇ ಇರ್ತೀನಿ."

ಆ ಹುಡುಗಿ ಮ್ಯಾನೇಜರನ್ನು ಕರೆತರುವವರೆಗೂ ಫೋನ್ ಕಿವಿಗಿಟ್ಟುಕೊಂಡು ಕಾದರು, ಒಂದೇ ಸಮ ಕೆಮ್ಮುತ್ತ. ನಾನು ವಾಪಸ್ ಬಸ್ಸಿನ ಹೊತ್ತು ನೋಡುತ್ತ ಚಡಪಡಿಸುತ್ತಿದ್ದೆ. ಕೊನೆಗೆ ಮ್ಯಾನೇಜರ್ ಬಂದು, ರೂಮು ಬೇರೆಯವರಿಗೆ ಹೋದರೆ ಹಣ ಮರಳಿಸಲು ತಮ್ಮ ತಕರಾರಿಲ್ಲ ಎಂದರು. "ಬರ್ದು ಕಳ್ಸಿ ಸ್ವಾಮಿ. ಬಾಯ್ಮಾತು ನನ್ನ ಕೌಂಟರಲ್ಲೂ ನಡೀತಿರ್ಲಿಲ್ಲ" ಎಂದು ಇವರು ಪಟ್ಟು ಹಿಡಿದರು. ಮಾರನೆಯ ದಿನ ನಾಲ್ಕು ರೂಮೂ ಹೋದವು, ಹೋಟೆಲಿನಿಂದ ಪತ್ರ ಬಂತು. ಅದನ್ನು ಆ್ಯಪಿನವರಿಗೆ ಕಳಿಸಿದ ಮೇಲೆ ಆ ಯಂತ್ರ ಮೊದಲ ಸಲ ನನಗೆ ಬೇರೆ ಉತ್ತರ ಕೊಟ್ಟಿತು.

ಫೋನ್ ಮಾಡಿದ ಆ ದಿನ ನಾನು ಬೀರೂರಿನಿಂದ ಹೊರಟಾಗ ಸಾಹೇಬರು ಬಾಗಿಲವರೆಗೂ ಬಂದಿದ್ದರು. "ಹೊತ್ತು ಮುಳುಗೋದ್ರೊಳಗೆ ಊರು ಸೇರ್ಕೋ. ಮೊದ್ಲು ಅತ್ತೆ ಕಾಲು ಮುಟ್ಟು" ಎಂದರು. ಮುಟ್ಟಿದೆ, ಎಲ್ಲ ಹೇಳಿದೆ. ಅತ್ತೆ, "ನನ್ನ ಸಾಯ್ಸಿದ್ಕೂ ದುಡ್ಡು ಬರ್ಲಿಲ್ವಾ? ಥೂ ನಿನ್ನ!" ಎಂದು ಉಗಿದು, ಮಾರನೆಯ ಸಂಜೆಯವರೆಗೆ ಮಾತು ಬಿಟ್ಟರು.

ಹಬ್ಬಕ್ಕೆ ಮೂರು ದಿನ ಇರುವಾಗ ಹಣ ಬಂತು. ಉಳಿದ ಹತ್ತು ಮನೆಗೂ ಹೋಗಿ ಕೈಗೆ ಕೊಟ್ಟೆ. ಪಾಲಿನ ಮಾತಾಡಿದವಳು ತಲೆ ತಗ್ಗಿಸಿ ತೆಗೆದುಕೊಂಡಳು. ಸಾಹೇಬರಿಗೆ ಹೇಳೋಣವೆಂದು ಫೋನ್ ಮಾಡಿದರೆ ಎತ್ತಲಿಲ್ಲ. ಮತ್ತೆ ಮಾಡಿದೆ, ಆಗಲೂ ಇಲ್ಲ. ನನಗೆ ರೇಗಿಹೋಯಿತು. ಕೆಲಸ ಆದ ಮೇಲೆ ಒಂದು ಮಾತು ಕೇಳುವ ವ್ಯವಧಾನವೂ ಇಲ್ಲವೇ ಈ ಮನುಷ್ಯರಿಗೆ ಎಂದು ಒಬ್ಬಳೇ ಬೈದುಕೊಂಡೆ.

ಹಬ್ಬ ಮುಗಿದ ಮರುದಿನ ಹೋಳಿಗೆ ಕಟ್ಟಿಕೊಂಡು ಬೀರೂರಿಗೆ ಹೋದೆ. ಜಗಲಿ ಖಾಲಿ. ಒಳಗಿಂದ ಅವರ ಹೆಂಡತಿ ಬಂದು ನನ್ನ ಕೈ ಹಿಡಿದುಕೊಂಡರು. ಸಾಹೇಬರು ಹೋಗಿ ಆರು ದಿನವಾಗಿತ್ತು.

"ನನಗೆ ಒಂದು ಮಾತು ಹೇಳಬಾರ್ದಿತ್ತಾ?" ಎಂದು ನಾನು ಅತ್ತೆನೋ ಕೂಗಿದೆನೋ ತಿಳಿಯದು.

"ಶಿವಮೊಗ್ಗದ ಆಸ್ಪತ್ರೆಗೆ ಕರ್ಕೊಂಡು ಹೋಗೋವಾಗ ಕಾರಲ್ಲೇ ಹೇಳಿದ್ರಮ್ಮ. ನನಗೇನಾದ್ರೂ ಆದ್ರೆ ಆ ಹುಡ್ಗಿಗೆ ಹೇಳ್ಬೇಡಿ. ಅವ್ರೂರಲ್ಲಿ ಸಾರು ಹಾಕವ್ರೆ. ಬಂದ್ರೆ ಅವ್ಳಿಗೆ ಊರು ಇಲ್ಲ, ಬರ್ದಿದ್ರೆ ನಿದ್ದೆ ಇಲ್ಲ. ಹಬ್ಬ ಆಗ್ಲಿ, ಅವ್ಳೇ ಬತ್ತಾಳೆ, ಅಂದ್ರು. ನೀನು ಫೋನ್ ಮಾಡಿದಾಗ ನಮಗೆ ಎತ್ತೋಕೆ ಧೈರ್ಯ ಬರ್ಲಿಲ್ಲ."

ಹೋಳಿಗೆ ಗಂಟನ್ನು ಅಲ್ಲೇ ನೆಲದ ಮೇಲಿಟ್ಟು ಕೂತುಬಿಟ್ಟೆ. ಹೇಳಿದ್ದರೆ ನಾನು ಸಂಘದ ಹೆಂಗಸರನ್ನೂ ಊರನ್ನೂ ಎದುರು ಹಾಕಿಕೊಂಡು ಬರುತ್ತಿದ್ದೆನೇ, ಬಾಗಿಲು ಹಾಕಿಕೊಂಡು ಅತ್ತು ಸುಮ್ಮನಾಗುತ್ತಿದ್ದೆನೇ? ಎಷ್ಟು ಕೇಳಿಕೊಂಡರೂ ನನಗೆ ಗೊತ್ತಾಗುವುದಿಲ್ಲ. ಅದು ನನಗೆ ಗೊತ್ತಾಗಲೇಬಾರದೆಂದು, ಉಸಿರಾಡಲು ಕಷ್ಟಪಡುತ್ತಿದ್ದ ಹೊತ್ತಿನಲ್ಲಿ ಯೋಚಿಸಿದ ಮನುಷ್ಯ ಅವರೊಬ್ಬರೇ.