ಗೊಬ್ಬರಕ್ಕೆ ಹೆಪ್ಪು

ಬರೆದು ಅಭ್ಯಾಸವಿಲ್ಲದವಳ ನಿರೂಪಣೆ ಇದು. ಲೋಪಗಳು ಕಂಡರೆ ಓದುಗರು ಮನ್ನಿಸಬೇಕೆಂದು ವಿನಂತಿ. ನಮ್ಮ ಮನೆತನದಲ್ಲಿ ಮೊದಲು ಪದವಿ ಪಡೆದವಳು ನಾನು. ತೊಂಬತ್ತರ ದಶಕದ ಕೊನೆಯಲ್ಲಿ ಸಾವಯವ ಕೃಷಿಯ ಸ್ವಯಂಸೇವಕಿಯಾಗಿ ಮೈಸೂರಿನಿಂದ ಪೂರ್ವ ಆಫ್ರಿಕಾದ ಒಂದು ಹಳ್ಳಿಗೆ ಹೋದೆ. ಅಲ್ಲಿನ ರೈತ ಮಹಿಳೆಯರೊಂದಿಗೆ ಮುಸುಕಿನ ಜೋಳದ ದಂಟು, ಸೊಪ್ಪು, ಸೆಗಣಿಗಳನ್ನು ಪುಸ್ತಕದ ಅಳತೆಯಂತೆಯೇ ಪದರ ಪದರವಾಗಿ ಒಟ್ಟಿ, ವಾರದೊಳಗೆ ರಾಶಿ ಬಿಸಿಯೇರುತ್ತದೆಂದು ಭರವಸೆ ಕೊಟ್ಟೆ. ಎರಡು ವಾರ ಕಳೆದರೂ ಅದು ತಣ್ಣಗೇ ಇತ್ತು. ಬಿತ್ತನೆ ಹತ್ತಿರವಾಗುತ್ತಿತ್ತು, ಗೊಬ್ಬರವಾಗದಿದ್ದರೆ ಅವರು ನನ್ನ ಮಾತನ್ನು ಮತ್ತೆ ನಂಬುವಂತಿರಲಿಲ್ಲ.

ಮೈಸೂರಿನ ಬನ್ನಿಮಂಟಪದಲ್ಲಿ ಹಸು ಸಾಕಿ ಹಾಲು ಮಾರುತ್ತಿದ್ದ ಅಮ್ಮನಿಗೆ, ಪಕ್ಕದ ಮನೆಯ ಫೋನಿಗೆ ಕರೆ ಮಾಡಿ, ಅಳುದನಿಯಲ್ಲಿ ವಿಷಯ ತಿಳಿಸಿದೆ.

“ಹಳೇ ಗೊಬ್ಬರ ಹಾಕಿದ್ಯಾ?” ಎಂದರು ಅಮ್ಮ.

“ಇಲ್ಲಮ್ಮ, ಪುಸ್ತಕದಲ್ಲಿ ಹಾಗೆ ಬರೆದಿರಲಿಲ್ಲ.”

“ಹೆಪ್ಪಾಕ್ದೆ ಹಾಲು ಮೊಸರಾಯ್ತದಾ? ಅಲ್ಲಿ ದನದ ದೊಡ್ಡಿ ಮೂಲೇಲಿ ಕರ್ರಗೆ ಕೊಳ್ತಿರೋದು ಇರ್ತದೆ ಕಣಮ್ಮ. ಅದನ್ನ ನೀರಲ್ಲಿ ಕದಡಿ, ರಾಶಿ ಕೆದಕಿ, ಚೆನ್ನಾಗಿ ನೆನೆಸ್ಬುಡು. ಡಿಗ್ರಿ ಮಾಡಿರೋಳಿಗೆ ಇಷ್ಟೂ ಗೊತ್ತಾಗ್ಲಿಲ್ವಾ!”

ಹಾಗೆಯೇ ಮಾಡಿದೆವು. ನಾಲ್ಕನೆಯ ದಿನ ಬೆಳಿಗ್ಗೆ ರಾಶಿಯೊಳಗೆ ಕೈಯಿಟ್ಟ ಹಿರಿಯ ಮಹಿಳೆಯೊಬ್ಬರು ಥಟ್ಟನೆ ಕೈ ಹಿಂದೆಗೆದು ನಕ್ಕರು. ಇದನ್ನು ಕಲಿಸಿದವರು ಯಾರೆಂದು ಅವರು ಕೇಳಿದಾಗ, “ನಮ್ಮ ತಾಯಿ” ಎಂದು ಎಲ್ಲರೆದುರು ಹೆಮ್ಮೆಯಿಂದ ಹೇಳಿದೆ.

ನಾನು ಮರಳಿದ ಮೇಲೆ ಅಮ್ಮ ಕೊಟ್ಟಿಗೆಯ ಹಿಂದೆ ಗೊಬ್ಬರ ತಯಾರಿಸಿ, ಕುವೆಂಪುನಗರದ ಕೈತೋಟಗಳಿಗೆ ಮಾರತೊಡಗಿದರು. ಅವರು ಮನೆಮನೆಗೆ ಹಾಲು ಹೊರುವುದು ತಪ್ಪಿತು. ಆ ಗಳಿಕೆಯಿಂದಲೇ ನನ್ನ ತಂಗಿ ಕಾಲೇಜಿಗೆ ಸೇರಿದಳು.