ಯುಲಾಲಿಯಾ ಎಂದರೆ ಹೂವಲ್ಲ

ಬಸವಕಲ್ಯಾಣದ ಶಾಲೆಯಲ್ಲಿ ನಾನು ಪಾಠ ಮಾಡುವ ಆರನೇ ತರಗತಿಗೆ ಹುಮನಾಬಾದಿನಿಂದ ಒಬ್ಬ ಹುಡುಗಿ ಬಂದು ಸೇರಿದಳು. ಹೆಸರು ಯುಲಾಲಿಯಾ. ಕುರಿ ಸಾಕುವ ಮನೆಯ ಮಗುವಿಗೆ ಈ ಹೆಸರು ಎಲ್ಲಿಂದ ಬಂತೋ ಎಂದು ನನಗೆ ಬೆರಗು. ಅವಳಿಗೆ ಮಾತು ತೊದಲುತ್ತಿತ್ತು. ತನ್ನ ಹೆಸರಿನ ಮೊದಲ ಅಕ್ಷರಕ್ಕೇ ತಡೆದು ನಿಂತು, ಕಣ್ಣು ಮುಚ್ಚಿಬಿಡುತ್ತಿದ್ದಳು.

ಒಂದು ಸಂಜೆ ಮೊಬೈಲಿನಲ್ಲಿ ಹುಡುಕಿದೆ. ಗ್ರೀಕ್ ಹೆಸರು. ‘ಯೂ’ ಎಂದರೆ ಒಳ್ಳೆಯದಾಗಿ, ‘ಲಲೇನ್’ ಎಂದರೆ ಮಾತಾಡುವುದು. ಚೆನ್ನಾಗಿ ಮಾತಾಡುವವಳು ಎಂದಾಯಿತು. ಮಕ್ಕಳಿಗೆ ಗೊತ್ತಾದರೆ ಅವಳನ್ನು ಸುಮ್ಮನೆ ಬಿಟ್ಟಾರೆ?

ಮುಂದೊಂದು ದಿನ ಅವಳಿಗೆ ಜ್ವರ ಬಂತು. ಕರೆದೊಯ್ಯಲು ಬಂದ ಅಜ್ಜಿಯನ್ನು ಹೆಸರಿನ ಬಗ್ಗೆ ಕೇಳಿದೆ.

“ಹುಟ್ಟಿದಾಗ ಇಕಿ ಅಳಲೇ ಇಲ್ರಿ. ನಾವು ಆಸೆ ಬಿಟ್ಟಿದ್ವಿ. ಮಂಗಳೂರ ಕಡೀ ನರ್ಸಬಾಯಿ ಒಬ್ಬಾಕಿ ಬೆನ್ನ ತಿಕ್ಕಿ ತಿಕ್ಕಿ ಅಳಿಸಿದಳು. ಅಕಿ ಹೆಸರೇ ಇಟ್ಟೀವಿ. ಅರ್ಥ ಏನಂತ ನಿಮಗೇನರ ಗೊತ್ತದ ಏನ್ರಿ?”

ಹುಡುಗಿ ನನ್ನನ್ನೇ ನೋಡುತ್ತಿದ್ದಳು. “ಅದೊಂದು ಹೂವಿನ ಹೆಸರು” ಎಂದುಬಿಟ್ಟೆ.

ಜ್ವರ ಬಿಟ್ಟು ಶಾಲೆಗೆ ಮರಳಿದವಳ ನೋಟ್‌ಬುಕ್ಕಿನ ತುಂಬ ಹೂವುಗಳಿದ್ದವು. ಬಣ್ಣವಿಲ್ಲದ, ಪೆನ್ಸಿಲಿನ ಹೂವುಗಳು. ಎಲ್ಲರೂ ಆಟಕ್ಕೆ ಹೋದಾಗ ನನ್ನ ಹತ್ತಿರ ಬಂದು, “ಯಾ… ಯಾವ ಬಣ್ಣದ್ದರಿ ಅದು?” ಎಂದು ಕೇಳಿದಳು.

ಎರಡನೆಯ ಸುಳ್ಳಿಗೆ ನನ್ನ ನಾಲಿಗೆ ಏಳಲಿಲ್ಲ. ಪಕ್ಕದಲ್ಲಿ ಕೂರಿಸಿಕೊಂಡು ನಿಜ ಹೇಳಿದೆ. ಅವಳು ಹೂವಿನ ನೋಟ್‌ಬುಕ್ಕನ್ನು ಮುಚ್ಚಿದಳು.

“ಮ… ಮತ್ತ ನನಗ ಮಾತ ಬರಂಗಿಲ್ಲಲ್ರಿ.”

“ಜಲ್ದಿ ಮಾತಾಡಾಕಿ ಅಂತ ಅದರಾಗ ಎಲ್ಲೂ ಇಲ್ಲವ್ವ. ಚಲೋ ಮಾತಾಡಾಕಿ ಅಂತಷ್ಟೇ ಅದ.”

ಅದನ್ನು ಒಪ್ಪಿದಳೋ ಇಲ್ಲವೋ ತಿಳಿಯಲಿಲ್ಲ. ಮೂರು ಕಡೆ ತಡವರಿಸಿ, ನಾನು ಸುಳ್ಳು ಹೇಳಿದ್ದೇಕೆಂದು ಮಾತ್ರ ಕೇಳಿದಳು. “ನಿನಗ ನೋವಾಗತದಂತ ಅಂಜಿದೆ. ತಪ್ಪಾತು” ಎಂದೆ. ಅವಳು ನನ್ನ ಸೆರಗಿನ ಅಂಚನ್ನು ಹಿಡಿದುಕೊಂಡು ಕುಳಿತಳು. ಗಂಟೆ ಬಾರಿಸುವವರೆಗೂ ಬಿಡಲಿಲ್ಲ.

ಈಗ ಅವಳು ಹುಮನಾಬಾದಿಗೇ ಮರಳಿ ಹೈಸ್ಕೂಲು ಓದುತ್ತಿದ್ದಾಳೆ. ಹೋದ ತಿಂಗಳು ಅಲ್ಲಿನ ಬಸ್‌ ನಿಲ್ದಾಣದಲ್ಲಿ ಸಿಕ್ಕಳು. ಅವರ ಕುರಿ ಅವಳಿ ಮರಿ ಹಾಕಿತ್ತಂತೆ. ಒಂದಕ್ಕೆ ತಾಯಿ ಹಾಲು ಕೊಡುತ್ತಿಲ್ಲವಂತೆ, ಇವಳೇ ಬಾಟಲಿಯಲ್ಲಿ ಕುಡಿಸುತ್ತಾಳಂತೆ. ತೊದಲು ಹಾಗೆಯೇ ಇತ್ತು, ಆದರೆ ಕಣ್ಣು ಮುಚ್ಚುತ್ತಿರಲಿಲ್ಲ. ನಾನು ಹತ್ತಬೇಕಿದ್ದ ಬಸವಕಲ್ಯಾಣದ ಬಸ್ಸು ಹೊರಟಿತು. ಮರಿಯ ಕಥೆ ಇನ್ನೂ ಅರ್ಧದಲ್ಲಿತ್ತು. ನಾನು ಹತ್ತಲಿಲ್ಲ.